ಅಪ್ಪೆಮಿಡಿ: ನಿಧಾನ ಆಹಾರದ ಜಮಾಖರ್ಚು

ಭದ್ರಾವತಿಯ ನ್ಯೂ ಟೌನ್ ಉಕ್ಕಿನ ಕಾರ್ಖಾನೆಯ ಆಶ್ರಯದಲ್ಲಿ ಬೆಳೆದ ಪ್ರದೇಶ. ವಿಐಎಸ್‌ಎಲ್ ಮುಚ್ಚುವ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರಷ್ಟೇ ಅಲ್ಲದೆ, ಅವರ ಸಂಬಳದ ದಿನವನ್ನು ನೆಚ್ಚಿದ್ದ ಅಂಗಡಿಕಾರರೂ ಕಂಗೆಟ್ಟರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ಪಾದನೆ ಭಾಗಶಃ ಮರಳಿ ಆರಂಭವಾಯಿತಾದರೂ, ಪರ್ಯಾಯ ಉದ್ಯಮಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ಈ ದೃಷ್ಟಿಯಿಂದ ಜಿಲ್ಲೆಯ ಸಾಂಪ್ರದಾಯಿಕ ಆಹಾರಗಳು, ಅವುಗಳಲ್ಲಿಯೂ ಅಪ್ಪೆಮಿಡಿ ಉಪ್ಪಿನಕಾಯಿ, ಪರಿಶೀಲನೆಗೆ ಅರ್ಹವಾಗಿವೆ.

ಇಟಲಿಯಲ್ಲಿ 1986ರಲ್ಲಿ ಕಾರ್ಲೊ ಪೆಟ್ರಿನಿಯವರು ಆರಂಭಿಸಿದ ‘ಸ್ಲೋ ಫುಡ್’ ಆಂದೋಲನವು ಸ್ಥಳೀಯ ತಳಿ, ಋತುಮಾನದ ಊಟ ಹಾಗೂ ಬೆಳೆದವನಿಗೆ ನ್ಯಾಯವಾದ ಬೆಲೆಯನ್ನು ಪ್ರತಿಪಾದಿಸುತ್ತದೆ. ಮಲೆನಾಡಿನ ಗೃಹಿಣಿಗೆ ಇದರಲ್ಲಿ ಹೊಸದೇನೂ ಇಲ್ಲ. ತೊಟ್ಟು ಮುರಿಯದಂತೆ, ಸೊನೆ ಸೋರದಂತೆ ಕೊಯ್ದ ಮಿಡಿಯನ್ನು ಕಲ್ಲುಪ್ಪಿನೊಡನೆ ಭರಣಿಗೆ ತುಂಬಿ, ಅದು ಸುಕ್ಕುಗಟ್ಟುವವರೆಗೆ ಕಾದು, ಬಳಿಕ ಸಾಸಿವೆ-ಮೆಣಸಿನ ಖಾರ ಬೆರೆಸುವ ಕ್ರಮ ತಲೆಮಾರುಗಳಿಂದ ನಡೆದು ಬಂದಿದೆ. ರಾಸಾಯನಿಕ ಸಂರಕ್ಷಕದ ಹಂಗಿಲ್ಲದೆ ಅದು ವರ್ಷಗಟ್ಟಲೆ ಕೆಡದು. ಭೌಗೋಳಿಕ ಸೂಚಕದ ಮಾನ್ಯತೆಯೂ ಈ ಮಿಡಿಗೆ ದೊರೆತಿದೆ.

ಆದರೆ ನಿಧಾನಕ್ಕೂ ಬೆಲೆಯುಂಟು. ಹೊಸಬರು ಎಡವುವುದು ಇಲ್ಲಿಯೇ. ಮಿಡಿ ದೊರೆಯುವುದು ಬೇಸಿಗೆಯ ಕೆಲವೇ ವಾರ, ಮಾರಾಟವೋ ವರ್ಷಪೂರ್ತಿ. ಎರಡು ಲಕ್ಷ ರೂಪಾಯಿಯ ಸರಕು ಸರಾಸರಿ ಎಂಟು ತಿಂಗಳು ಭರಣಿಯಲ್ಲಿ ಉಳಿಯಿತೆಂದು ಭಾವಿಸೋಣ. ಶೇ. 12ರ ಬಡ್ಡಿಯಲ್ಲಿ ಅದರ ಹೊರೆ 16,000 ರೂಪಾಯಿ. ಇದನ್ನು ಅಸಲಿಗೆ ಸೇರಿಸದೆ ಬೆಲೆ ಕಟ್ಟಿದವರು ಲಾಭ ಬಂದಿತೆಂದೇ ನಂಬಿರುತ್ತಾರೆ. ತಿಂಗಳ ಕಂತಿನ ಸಾಲ ಇಂಥ ಉದ್ಯಮಕ್ಕೆ ಒಗ್ಗದು. ಹಂಗಾಮಿನಲ್ಲಿ ಪಡೆದು, ಮಾರಿದಂತೆಲ್ಲ ತೀರಿಸುವ ಓವರ್‌ಡ್ರಾಫ್ಟ್ ಸೌಲಭ್ಯವೇ ಲೇಸು.

ತೆರಿಗೆಯ ವಿಷಯದಲ್ಲಿ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ಉಪ್ಪಿನಕಾಯಿಯ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಗಾಜಿನ ಬಾಟಲಿಯ ಮೇಲಿನ ತೆರಿಗೆ ಶೇ. 18 ಆಗಿರುವುದರಿಂದ ಹೂಡುವಳಿ ತೆರಿಗೆ ಜಮೆಯಲ್ಲಿ ಉಳಿಕೆ ಬೀಳಬಹುದು. ನಿಯಮಾನುಸಾರ ಮರುಪಾವತಿ ಕೋರಲು ಅವಕಾಶವಿದೆ. ರಾಜಿ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಸೌಲಭ್ಯವಿಲ್ಲ. ಬಾಟಲಿಗೆ ಹೆಚ್ಚು ವೆಚ್ಚ ಮಾಡುವವರು ಲೆಕ್ಕ ಹಾಕಿಯೇ ಆಯ್ಕೆ ಮಾಡುವುದು ಒಳಿತು.

ಇವೆಲ್ಲಕ್ಕಿಂತ ಚಿಂತೆಯ ಸಂಗತಿ ಕಚ್ಚಾಮಾಲಿನದು. ಶರಾವತಿ, ವರದಾ, ಅಘನಾಶಿನಿ ತೀರಗಳ ಕಾಡುಮರಗಳೇ ಉತ್ತಮ ಮಿಡಿಯ ಮೂಲ. ಅವಸರದ ಕೊಯ್ಲಿನಲ್ಲಿ ಕೊಂಬೆಗಳನ್ನೇ ಕಡಿದು ಕೆಡಹುವುದರಿಂದ ಮುಂದಿನ ವರ್ಷಗಳ ಫಸಲು ಕುಸಿಯುತ್ತದೆ, ಎಷ್ಟೋ ಮರಗಳು ನಾಶವಾಗಿವೆ. ಉಗ್ರಾಣ, ಯಂತ್ರ, ಲೇಬಲ್ಲುಗಳಿಗೆ ಹಣ ತೆಗೆದಿಡುವ ಉದ್ಯಮಿ ಮರಕ್ಕೆಂದು ಬಿಡಿಗಾಸನ್ನೂ ಮೀಸಲಿಡದಿರುವುದು ವಿಚಿತ್ರವೇ ಸರಿ. ಕೈಯಿಂದ ಬಿಡಿಸಿದ ಮಿಡಿಗೆ ನೂರರ ಮೇಲೆ ಹೆಚ್ಚುವರಿ ದರ ನೀಡಿದರೆ ಕೊಯ್ಲಿನವನಿಗೆ ಕೊಂಬೆ ಕಡಿಯುವ ಕಾರಣ ಉಳಿಯದು. ತೊಟ್ಟು ಸಮೇತವಾದ ಮಿಡಿಯೂ ಕೈಸೇರುತ್ತದೆ. ಕಸಿ ಗಿಡಗಳು ನರ್ಸರಿಗಳಲ್ಲಿ ದೊರೆಯುತ್ತಿವೆ. ಅವು ಫಲ ಕೊಡಲು ಕೆಲವು ವರ್ಷ ಬೇಕು. ಆದ್ದರಿಂದ ಈ ಮಳೆಗಾಲದಲ್ಲಿಯೇ ನೆಡತಕ್ಕದ್ದು.