11 ಕೈಗಳ ಎದುರು ಒಂದು ಸಂಶಯ

ಒಂದು ಉದ್ದನೆಯ ಮೇಜು, 12 ಕುರ್ಚಿ, ಹೊರಗಿನಿಂದ ಬೀಗ ಹಾಕಿದ ಬಾಗಿಲು. ಹೆಚ್ಚುಕಡಿಮೆ ಇಷ್ಟರಲ್ಲೇ ಒಂದು ಚಲನಚಿತ್ರ ಮುಗಿಯುತ್ತದೆಂದರೆ ನಂಬುವಿರಾ?

1957ರಲ್ಲಿ ತೆರೆಕಂಡ ಅಮೆರಿಕದ ‘ಟ್ವೆಲ್ವ್ ಆಂಗ್ರಿ ಮೆನ್’ ಅಂತಹ ಚಿತ್ರ. ನಿರ್ದೇಶಕ ಸಿಡ್ನಿ ಲುಮೆಟ್. ಇದರ ಮೂಲ ಕಿರುತೆರೆಯೇ: ರೆಜಿನಾಲ್ಡ್ ರೋಸ್ ಬರೆದ ಈ ನಾಟಕ 1954ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ ನೇರಪ್ರಸಾರವಾಗಿತ್ತು.

ತಂದೆಯನ್ನು ಇರಿದು ಕೊಂದ ಆರೋಪ 18ರ ಹುಡುಗನೊಬ್ಬನ ಮೇಲಿದೆ. ಅವನು ಅಪರಾಧಿಯೇ ಅಲ್ಲವೇ ಎಂದು ಹೇಳಬೇಕಾದವರು 12 ಮಂದಿ ಸಾಮಾನ್ಯ ನಾಗರಿಕರು, ಅಂದರೆ ಜ್ಯೂರಿ. ಎಲ್ಲರೂ ಒಮ್ಮತಕ್ಕೆ ಬರಬೇಕು. ‘ಅಪರಾಧಿ’ ಎಂದರೆ ಮರಣದಂಡನೆ ಖಚಿತ. ಮೊದಲ ಸುತ್ತಿನಲ್ಲೇ 11 ಕೈಗಳು ಮೇಲೇಳುತ್ತವೆ. ಹೆನ್ರಿ ಫೋಂಡಾ ಅಭಿನಯಿಸಿದ ಎಂಟನೆಯ ಸದಸ್ಯ ಮಾತ್ರ ಒಪ್ಪುವುದಿಲ್ಲ. ಹುಡುಗ ನಿರಪರಾಧಿ ಎಂದು ಆತನೂ ವಾದಿಸುವುದಿಲ್ಲ. ಒಂದು ಜೀವದ ಪ್ರಶ್ನೆ, ಸ್ವಲ್ಪ ಮಾತಾಡೋಣ ಎನ್ನುತ್ತಾನೆ, ಅಷ್ಟೆ.

ವಿಜ್ಞಾನ ಓದಿದ ನನಗೆ ತುಂಬ ಹಿಡಿಸಿದ್ದು ಮುಂದಿನ ಭಾಗ. ಸದ್ದು ಕೇಳಿದ 15 ಸೆಕೆಂಡಿನಲ್ಲಿ ಬಾಗಿಲಿಗೆ ಬಂದು, ಹುಡುಗ ಓಡುವುದನ್ನು ಕಂಡೆ ಎಂದು ಕಾಲೆಳೆದು ನಡೆಯುವ ಮುದುಕನೊಬ್ಬ ಸಾಕ್ಷಿ ಹೇಳಿರುತ್ತಾನೆ. ಎಂಟನೆಯವನು ಮನೆಯ ನಕ್ಷೆ ತರಿಸಿ, ಅದೇ ಅಳತೆಯಲ್ಲಿ ಕಾಲೆಳೆಯುತ್ತಾ ನಡೆದು ನೋಡುತ್ತಾನೆ. ಗಡಿಯಾರದಲ್ಲಿ 40 ಸೆಕೆಂಡು ದಾಟುತ್ತದೆ! ಮುದುಕ ಬೇಕೆಂದೇ ಸುಳ್ಳಾಡಿರಲಿಕ್ಕಿಲ್ಲ. ಆದರೆ ಆತನ ಮಾತು ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಕ್ಯಾಮೆರಾವನ್ನೂ ಗಮನಿಸಿ. ಮೊದಲು ಕಣ್ಣಿನ ಮಟ್ಟಕ್ಕಿಂತ ಮೇಲಿದ್ದದ್ದು ಕ್ರಮೇಣ ಕೆಳಗಿಳಿಯುತ್ತದೆ. ಲೆನ್ಸಿನ ಸಂಗಮದೂರ ಹೆಚ್ಚುತ್ತಾ ಗೋಡೆಗಳು ಹತ್ತಿರ ಸರಿದಂತೆ ತೋರುತ್ತವೆ. ಕೊನೆಗೆ ಚಾವಣಿಯೂ ಕಾಣಿಸಿಕೊಂಡು, ತಪ್ಪಿಸಿಕೊಳ್ಳಲು ಜಾಗವೇ ಇಲ್ಲವೆನಿಸುತ್ತದೆ. ಆಗಲೇ ಬಯಲಾಗುವುದು: ಕಡೆಯವರೆಗೂ ಹಟ ಹಿಡಿದ ಮೂರನೆಯ ಸದಸ್ಯ ಶಿಕ್ಷಿಸಹೊರಟದ್ದು ಈ ಹುಡುಗನನ್ನಲ್ಲ, ಜಗಳವಾಡಿ ದೂರವಾದ ತನ್ನ ಮಗನನ್ನು.

ಇದೇ ಕಥೆಯನ್ನು ಬಾಸು ಚಟರ್ಜಿ 1986ರಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಎಂದು ಹಿಂದಿಗೆ ತಂದರು. ನಮ್ಮ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಈಗ ಜ್ಯೂರಿ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆ ಅದನ್ನು ಕೈಬಿಟ್ಟಿತು. ಆದರೆ ಸಂಶಯದ ಲಾಭ ಆರೋಪಿಗೆ ಸಲ್ಲಬೇಕೆಂಬ ತತ್ವ ನಮ್ಮಲ್ಲೂ ಉಂಟು.

ಹುಡುಗ ನಿಜಕ್ಕೂ ಕೊಂದನೇ? ಚಿತ್ರ ಹೇಳುವುದಿಲ್ಲ. ಕೊಲೆಗಾರನೇ ಪಾರಾಗಿರಲೂಬಹುದು. ಆದರೆ ಸಂಶಯ ಉಳಿದಿರುವಾಗ ಜೀವ ತೆಗೆದರೆ, ಆ ತಪ್ಪನ್ನು ತಿದ್ದುವ ದಾರಿಯೇ ಇಲ್ಲ. ಚಿತ್ರ ನೋಡುವಾಗ ಒಂದು ಕೆಲಸ ಮಾಡಿ: ನಿಮ್ಮ ಮನಸ್ಸು ಬದಲಾದದ್ದು ಯಾವ ಗಳಿಗೆಯಲ್ಲಿ ಎಂದು ಗುರುತಿಟ್ಟುಕೊಳ್ಳಿ. ಅದಕ್ಕೆ ಮುಂಚೆ ನಿಮ್ಮ ಕೈಯೂ ಮೇಲೆದ್ದಿತ್ತಲ್ಲವೇ?