ಹಳೆಯ ಷೇರಿನೊಳಗಿಂದ ಹೊಸ ಷೇರು: ಡೀಮರ್ಜರ್ ನಡೆದುಬಂದ ದಾರಿ

ಒಂದು ಕಂಪನಿ ತನ್ನ ಹಲವು ಉದ್ದಿಮೆಗಳಲ್ಲಿ ಒಂದನ್ನು ಬೇರ್ಪಡಿಸಿ, ಅದನ್ನು ಮತ್ತೊಂದು ಕಂಪನಿಗೆ ಒಪ್ಪಿಸಿ, ಆ ಕಂಪನಿಯ ಷೇರುಗಳನ್ನು ಹಣ ಪಡೆಯದೆ ತನ್ನ ಷೇರುದಾರರಿಗೇ ಅವರವರ ಹಿಡುವಳಿಯ ಪ್ರಮಾಣದಲ್ಲಿ ಹಂಚುವ ಕ್ರಮವನ್ನು ಭಾರತದ ಷೇರುಪೇಟೆಯಲ್ಲಿ ಡೀಮರ್ಜರ್ ಎಂದೂ ಅಮೆರಿಕದಲ್ಲಿ ಸ್ಪಿನ್-ಆಫ್ ಎಂದೂ ಕರೆಯುತ್ತಾರೆ. ಹೀಗೆ ಬಂದ ಷೇರು ಡಿಮ್ಯಾಟ್ ಖಾತೆಯಲ್ಲಿ ಕಾಣಿಸಿಕೊಂಡಾಗ ಅದನ್ನು ಕಂಪನಿ ಕೊಟ್ಟ ಉಡುಗೊರೆಯೆಂದೋ ಬೋನಸ್ ಷೇರೆಂದೋ ಎಣಿಸುವವರು ಬಹಳ ಮಂದಿ. ವಾಸ್ತವದಲ್ಲಿ ಅದು ಕೂಡುಕುಟುಂಬದ ಪಾಲುಪಟ್ಟಿಯ ಹಾಗೆ. ಪಾಲಾದ ದಿನ ಆಸ್ತಿಯೇನೂ ಬೆಳೆಯುವುದಿಲ್ಲ, ಒಟ್ಟಿಗಿದ್ದದ್ದು ಬಿಡಿಯಾಗುತ್ತದೆ. ಇಷ್ಟು ಸರಳವಾದ ಸಂಗತಿಯನ್ನು ಕಾನೂನು ಒಪ್ಪಿಕೊಳ್ಳಲು ದಶಕಗಳೇ ಹಿಡಿದವು, ಮತ್ತು ಇಂದಿನ ಷೇರುದಾರರು ಪಾಲಿಸಬೇಕಾದ ನಿಯಮಗಳಲ್ಲಿ ಹಲವು ಆ ಕಾಲದ ವಿವಾದಗಳಿಂದಲೇ ರೂಪುಗೊಂಡವು.

ಅಮೆರಿಕದಲ್ಲಿ 1906ರ ಹೆಪ್‌ಬರ್ನ್ ಕಾಯ್ದೆಯು ರಾಜ್ಯದಿಂದ ರಾಜ್ಯಕ್ಕೆ ತೈಲ ಸಾಗಿಸುವ ಕೊಳವೆ ಮಾರ್ಗಗಳನ್ನು ಸಾರ್ವಜನಿಕ ಸಾಗಣೆಯ ನಿಯಂತ್ರಣಕ್ಕೆ ಒಳಪಡಿಸಿತು. 1914ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗ ಪ್ರೇರಿ ಆಯಿಲ್ ಆ್ಯಂಡ್ ಗ್ಯಾಸ್ ಮತ್ತು ಓಹಿಯೋ ಆಯಿಲ್ ಕಂಪನಿಗಳು ತಮ್ಮ ಕೊಳವೆ ಮಾರ್ಗಗಳನ್ನು ಪ್ರತ್ಯೇಕ ಕಂಪನಿಗಳಿಗೆ ವಹಿಸಿ, ಆ ಷೇರುಗಳನ್ನು ತಮ್ಮ ಷೇರುದಾರರಿಗೆ ಹಂಚಿದವು. ಆ ಷೇರುದಾರರಲ್ಲಿ ತೈಲೋದ್ಯಮಿ ಜಾನ್ ಡಿ. ರಾಕ್‌ಫೆಲರ್ ಕೂಡ ಒಬ್ಬರು, ಮತ್ತು ಹೀಗೆ ಬಂದ ಷೇರುಗಳಿಗೆ ಆದಾಯ ತೆರಿಗೆ ಕಟ್ಟಬೇಕೆಂದು ಸರ್ಕಾರ ಕೇಳಿತು. ಹಂಚಿಕೆಗೆ ಮೊದಲೂ ಕೊಳವೆ ಮಾರ್ಗದಲ್ಲಿ ಷೇರುದಾರರಿಗೆ ಅಷ್ಟೇ ಹಕ್ಕಿತ್ತು, ಈಗಲೂ ಅಷ್ಟೇ ಇದೆ, ಆದ್ದರಿಂದ ಇದರಲ್ಲಿ ಆದಾಯವೇ ಇಲ್ಲ ಎಂಬುದು ಅವರ ಪರವಾದ ವಾದವಾಗಿತ್ತು. 1921ರಲ್ಲಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ, ಬೇರೊಂದು ಕಂಪನಿಯ ಷೇರು ಕೈಗೆ ಬಂದ ಮೇಲೆ ಅದು ಲಾಭಾಂಶದಂತೆಯೇ ತೆರಿಗೆಗೆ ಒಳಪಟ್ಟ ಆದಾಯವೆಂದು ತೀರ್ಪಿತ್ತಿತು. ಒಂದು ರೂಪಾಯಿಯ ಸಂಪತ್ತೂ ಹೆಚ್ಚದೆ ತೆರಿಗೆ ಮಾತ್ರ ಬರುವ ಈ ಸ್ಥಿತಿ ನ್ಯಾಯಸಮ್ಮತವಾಗಿರಲಿಲ್ಲವೆಂದೇ ಹೇಳಬೇಕು. 1924ರಲ್ಲಿ ಅಮೆರಿಕದ ಕಾಂಗ್ರೆಸ್ ಇಂಥ ಹಂಚಿಕೆಗೆ ವಿನಾಯಿತಿ ನೀಡಿತು.

ಆದರೆ ವಿನಾಯಿತಿಯ ಹಿಂದೆಯೇ ಅದರ ದುರುಪಯೋಗವೂ ಬಂದಿತು. ಯುನೈಟೆಡ್ ಮಾರ್ಟ್‌ಗೇಜ್ ಎಂಬ ಕಂಪನಿಯ ಏಕೈಕ ಒಡತಿಯಾಗಿದ್ದ ಎವೆಲಿನ್ ಗ್ರೆಗರಿ ಎಂಬುವರು, ಆ ಕಂಪನಿಯ ಬಳಿಯಿದ್ದ ಮಾನಿಟರ್ ಸೆಕ್ಯುರಿಟೀಸ್‌ನ 1,000 ಷೇರುಗಳನ್ನು ಮಾರಬೇಕಿತ್ತು; ಅವನ್ನು ನೇರವಾಗಿ ಪಡೆದರೆ ಲಾಭಾಂಶದ ತೆರಿಗೆ ಹೆಚ್ಚು ಬೀಳುತ್ತಿತ್ತು. ಅದಕ್ಕಾಗಿ 1928ರ ಸೆಪ್ಟೆಂಬರ್ 18ರಂದು ಆವೆರಿಲ್ ಎಂಬ ಹೊಸ ಕಂಪನಿ ಹುಟ್ಟಿತು, ಮೂರು ದಿನಗಳ ನಂತರ ಮಾನಿಟರ್ ಷೇರುಗಳು ಅದಕ್ಕೆ ವರ್ಗವಾದವು, 24ರಂದು ಕಂಪನಿಯನ್ನು ಮುಚ್ಚಿ ಷೇರುಗಳನ್ನು ಒಡತಿಯ ಕೈಗೆ ಕೊಡಲಾಯಿತು. ಕಾಯ್ದೆಯ ಅಕ್ಷರವೆಲ್ಲ ಪಾಲನೆಯಾಗಿತ್ತು, ಆದರೆ ಆವೆರಿಲ್ ಯಾವ ವ್ಯವಹಾರವನ್ನೂ ನಡೆಸಿರಲಿಲ್ಲ. 1935ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಅಮಾನ್ಯಗೊಳಿಸಿತು; ಅದಕ್ಕೂ ಮೊದಲೇ, 1934ರಲ್ಲಿ, ಕಾಂಗ್ರೆಸ್ ವಿನಾಯಿತಿಯನ್ನೇ ಹಿಂತೆಗೆದುಕೊಂಡಿತ್ತು. 1951ರಲ್ಲಿ ವಿನಾಯಿತಿ ಮರಳಿ ಬಂದಿತು, 1954ರ ತೆರಿಗೆ ಸಂಹಿತೆಯ 355ನೇ ಸೆಕ್ಷನ್‌ನಲ್ಲಿ ಇಂದಿನ ನೆಲೆಯನ್ನು ಪಡೆಯಿತು. ಬೇರ್ಪಡುವುದು ನಿಜವಾಗಿ ನಡೆಯುತ್ತಿರುವ ಉದ್ದಿಮೆಯಾಗಿರಬೇಕು ಎಂಬ ಷರತ್ತು ಈ ಕಾನೂನಿನ ಜೀವಾಳ. 1984ರ ಜನವರಿ 1ರಂದು ದೂರವಾಣಿ ಕಂಪನಿ ಎಟಿ ಆ್ಯಂಡ್ ಟಿ ಒಡೆದು, 10 ಷೇರು ಹೊಂದಿದವರಿಗೆ ಏಳು ಪ್ರಾದೇಶಿಕ ಕಂಪನಿಗಳಿಂದ ತಲಾ ಒಂದು ಷೇರು ದೊರೆತಾಗ ಸಾಮಾನ್ಯ ಅಮೆರಿಕನ್ ಕುಟುಂಬಗಳಿಗೂ ಈ ಪದ್ಧತಿಯ ಪರಿಚಯವಾಯಿತು.

ಭಾರತದಲ್ಲಿ ಕಂಪನಿಗಳನ್ನು ವಿಭಜಿಸುವ ಯೋಜನೆಗಳಿಗೆ 1956ರ ಕಂಪನಿ ಕಾಯ್ದೆಯಡಿ ಹೈಕೋರ್ಟುಗಳು ಮಂಜೂರಾತಿ ನೀಡುತ್ತಿದ್ದವು. ಆದರೆ ಆದಾಯ ತೆರಿಗೆ ಕಾಯ್ದೆಯಲ್ಲಿ ಡೀಮರ್ಜರ್ ಎಂಬುದರ ವ್ಯಾಖ್ಯಾನವೇ ಇರಲಿಲ್ಲ. 1999ರ ಹಣಕಾಸು ಕಾಯ್ದೆ ಆ ಕೊರತೆಯನ್ನು ನೀಗಿಸಿತು. ಉದ್ದಿಮೆಯ ಎಲ್ಲ ಆಸ್ತಿ ಮತ್ತು ಸಾಲಗಳು ಒಟ್ಟಾಗಿ, ಸಾಮಾನ್ಯವಾಗಿ ಲೆಕ್ಕಪುಸ್ತಕದಲ್ಲಿರುವ ಮೌಲ್ಯದಲ್ಲೇ, ನಡೆಯುತ್ತಿರುವ ಉದ್ದಿಮೆಯಾಗಿ ವರ್ಗವಾಗಬೇಕು. ಹೊಸ ಷೇರುಗಳು ಹಳೆಯ ಷೇರುದಾರರಿಗೆ ಪ್ರಮಾಣಾನುಸಾರ ಸಲ್ಲಬೇಕು. ಮೌಲ್ಯದಲ್ಲಿ ಮುಕ್ಕಾಲು ಪಾಲಿಗೆ ಕಡಿಮೆಯಿಲ್ಲದಷ್ಟು ಷೇರುದಾರರು ಹೊಸ ಕಂಪನಿಯಲ್ಲೂ ಷೇರುದಾರರಾಗಬೇಕು. ಈ ಷರತ್ತುಗಳು ಈಡೇರಿದರೆ ಹಂಚಿಕೆಯ ದಿನ ಷೇರುದಾರರು ತೆರಿಗೆ ಕಟ್ಟಬೇಕಾಗಿಲ್ಲ, ಮಾರಿದಾಗ ಮಾತ್ರ ಕಟ್ಟಬೇಕು. 2016ರ ಡಿಸೆಂಬರ್‌ನಿಂದ ಮಂಜೂರಾತಿಯ ಅಧಿಕಾರ ಹೈಕೋರ್ಟುಗಳಿಂದ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ವರ್ಗವಾಯಿತು.

ಅಂಬಾನಿ ಸಹೋದರರ ನಡುವಣ ಒಪ್ಪಂದದ ಫಲವಾಗಿ 2006ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್‌ನಿಂದ ನಾಲ್ಕು ಕಂಪನಿಗಳು ಬೇರ್ಪಟ್ಟಾಗ, ಉಳಿದ ಕಂಪನಿಯ ಬೆಲೆಯನ್ನು ಗೊತ್ತುಮಾಡಲು ಜನವರಿ 18ರಂದು ಪೇಟೆಯಲ್ಲಿ ವಿಶೇಷ ವಹಿವಾಟು ಏರ್ಪಟ್ಟಿತು. ಬೆಂಗಳೂರಿನ ವಿಪ್ರೊ 2013ರಲ್ಲಿ ಅನುಸರಿಸಿದ ದಾರಿ ಇನ್ನಷ್ಟು ವಿಶಿಷ್ಟವಾದದ್ದು. ಸಾಬೂನು, ದೀಪ ಮುಂತಾದ ಐಟಿಯೇತರ ವ್ಯವಹಾರಗಳು ವಿಪ್ರೊ ಎಂಟರ್‌ಪ್ರೈಸಸ್‌ಗೆ ಹೋದವು, ಆದರೆ ಆ ಕಂಪನಿಯನ್ನು ಷೇರುಪೇಟೆಯಲ್ಲಿ ಪಟ್ಟಿ ಮಾಡಲಿಲ್ಲ. ಐದು ವಿಪ್ರೊ ಷೇರು ಇದ್ದವರು ಹೊಸ ಕಂಪನಿಯ ಒಂದು ಸಾಮಾನ್ಯ ಷೇರನ್ನೋ ಒಂದು ಆದ್ಯತಾ ಷೇರನ್ನೋ ಪಡೆಯಬಹುದಿತ್ತು, ಇಲ್ಲವೇ ಹೊಸ ಕಂಪನಿಯ ಪ್ರತಿ 1.65 ಷೇರಿಗೆ ಪ್ರವರ್ತಕರ ಬಳಿಯಿದ್ದ ಒಂದು ವಿಪ್ರೊ ಷೇರನ್ನು ಬದಲಿಯಾಗಿ ಪಡೆಯಬಹುದಿತ್ತು. ಪ್ರವರ್ತಕರ ಪಾಲು ಶೇ 78ರಷ್ಟಿದ್ದುದರಿಂದ ಮತ್ತು ಸಾರ್ವಜನಿಕರ ಪಾಲು ಕನಿಷ್ಠ ಶೇ 25 ಇರಬೇಕೆಂಬ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದ ಗಡುವು ಹತ್ತಿರವಾಗಿದ್ದುದರಿಂದ ಈ ಬದಲಿ ವ್ಯವಸ್ಥೆ ಕಂಪನಿಗೂ ಅನುಕೂಲವಾಗಿತ್ತು. ಹೊಸ ಷೇರು ಪಟ್ಟಿಯಾಗುತ್ತದೆಯೇ ಇಲ್ಲವೇ ಎಂಬುದನ್ನು ಯೋಜನಾ ಪತ್ರದಲ್ಲಿ ಮೊದಲೇ ಓದಬೇಕೆಂಬುದನ್ನು ಈ ಪ್ರಕರಣ ತೋರಿಸುತ್ತದೆ, ಏಕೆಂದರೆ ಪಟ್ಟಿಯಾಗದ ಷೇರಿಗೆ ಕೊಳ್ಳುವವರನ್ನು ಹುಡುಕುವುದು ಸುಲಭದ ಕೆಲಸವಲ್ಲ.

ಬೆಲೆ ನಿಗದಿಯ ಈಗಿನ ಕ್ರಮವನ್ನು ಐಟಿಸಿಯ ಉದಾಹರಣೆಯಲ್ಲಿ ಹತ್ತಿರದಿಂದ ನೋಡಬಹುದು. 1975ರಲ್ಲಿ ಚೆನ್ನೈನಲ್ಲಿ ಆರಂಭವಾಗಿ, ಬೆಂಗಳೂರಿನ ವಿಂಡ್ಸರ್ ಮತ್ತು ಗಾರ್ಡೇನಿಯಾವನ್ನೂ ಒಳಗೊಂಡು ಬೆಳೆದ ಅದರ ಹೋಟೆಲ್ ಉದ್ದಿಮೆ 2025ರ ಜನವರಿ 1ರಿಂದ ಐಟಿಸಿ ಹೋಟೆಲ್ಸ್ ಎಂಬ ಬೇರೆ ಕಂಪನಿಯಾಯಿತು. ಅದರ ಶೇ 60 ಭಾಗ ನೇರವಾಗಿ ಷೇರುದಾರರಿಗೆ ಸೇರಿತು, ಶೇ 40 ಐಟಿಸಿಯಲ್ಲೇ ಉಳಿಯಿತು. ಹತ್ತು ಐಟಿಸಿ ಷೇರಿಗೆ ಒಂದು ಹೋಟೆಲ್ ಷೇರು. ಯಾರು ಅರ್ಹರೆಂದು ನಿರ್ಧರಿಸುವ ದಾಖಲೆ ದಿನ, ಅಂದರೆ ರೆಕಾರ್ಡ್ ಡೇಟ್, ಜನವರಿ 6ರ ಸೋಮವಾರವಾಗಿತ್ತು. ಷೇರು ಖಾತೆಗೆ ಬರಲು ಈಗ ಒಂದು ವಹಿವಾಟಿನ ದಿನ ಹಿಡಿಯುವುದರಿಂದ, ಶುಕ್ರವಾರ ಕೊಂಡವರಿಗೆ ಹೋಟೆಲ್ ಷೇರು ಸಿಕ್ಕಿತು, ಸೋಮವಾರ ಕೊಂಡವರಿಗೆ ಸಿಗಲಿಲ್ಲ. ಶುಕ್ರವಾರ ರಾಷ್ಟ್ರೀಯ ಷೇರುಪೇಟೆಯಲ್ಲಿ ₹481.60ಕ್ಕೆ ಮುಗಿದಿದ್ದ ಐಟಿಸಿ, ಸೋಮವಾರ ಬೆಳಗಿನ ವಿಶೇಷ ಅವಧಿಯಲ್ಲಿ ₹455.60ಕ್ಕೆ ನೆಲೆಗೊಂಡಿತು. ವ್ಯತ್ಯಾಸವಾದ ₹26ನ್ನು ಹತ್ತರಿಂದ ಗುಣಿಸಿ ಹೋಟೆಲ್ ಷೇರಿನ ಬೆಲೆ ₹260 ಎಂದು ಎಣಿಸಲಾಯಿತು. ಜನವರಿ 29ರಂದು ಷೇರು ಪಟ್ಟಿಯಾದಾಗ ವಹಿವಾಟು ₹180ರಲ್ಲಿ ಆರಂಭವಾಯಿತು.

₹260 ಎಂಬುದು ಯಾರೂ ಕೊಟ್ಟು ಕೊಂಡ ಬೆಲೆಯಾಗಿರಲಿಲ್ಲ, ಕಳೆದು ಗುಣಿಸಿದ ಲೆಕ್ಕವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಹತ್ತಕ್ಕೊಂದರ ಅನುಪಾತದಲ್ಲಿ, ಅಂದಿನ ಪೇಟೆಯ ಸಾಮಾನ್ಯ ಏರಿಳಿತದಿಂದ ಐಟಿಸಿ ಒಂದು ರೂಪಾಯಿ ಆಚೀಚೆಯಾದರೂ ಹೋಟೆಲ್ ಷೇರಿನ ಅಂದಾಜು ಹತ್ತು ರೂಪಾಯಿ ಆಚೀಚೆಯಾಗುತ್ತದೆ. ಪಟ್ಟಿಯಾದ ಮೊದಲ ದಿನಗಳಲ್ಲಿ ಬೆಲೆ ಕುಸಿಯುವುದಕ್ಕೆ ಇನ್ನೊಂದು ಕಾರಣವೂ ಇದೆ: ನಿಫ್ಟಿ, ಸೆನ್ಸೆಕ್ಸ್‌ಗಳನ್ನು ಅನುಸರಿಸುವ ಸೂಚ್ಯಂಕ ನಿಧಿಗಳು, ತಾತ್ಕಾಲಿಕವಾಗಿ ಸೂಚ್ಯಂಕದಲ್ಲಿ ಸೇರಿದ್ದ ಹೊಸ ಕಂಪನಿ ಅದರಿಂದ ಹೊರಬೀಳುವಾಗ ಅದರ ಗುಣದೋಷ ನೋಡದೆ ಮಾರಲೇಬೇಕಾಗುತ್ತದೆ. ರಿಲಯನ್ಸ್‌ನಿಂದ ಬೇರ್ಪಟ್ಟ ಜಿಯೋ ಫೈನಾನ್ಷಿಯಲ್ 2023ರ ಆಗಸ್ಟ್ 21ರಂದು ಪಟ್ಟಿಯಾದಾಗಲೂ, ಈ ಬಗೆಯ ಮಾರಾಟದ ಒತ್ತಡದಿಂದ ಸತತ ದಿನಗಳಲ್ಲಿ, ಒಂದು ದಿನಕ್ಕೆ ಅನುಮತಿಸಿದ ಶೇ 5ರ ಇಳಿಕೆಯ ಮಿತಿಯನ್ನು ಮುಟ್ಟಿತ್ತು. ಇಂಥ ಕುಸಿತವನ್ನು ಉದ್ದಿಮೆಯ ದೌರ್ಬಲ್ಯವೆಂದು ಬಗೆದು ಗಾಬರಿಯಲ್ಲಿ ಮಾರುವುದು ಸರಿಯಲ್ಲ.

ತೆರಿಗೆಯ ಲೆಕ್ಕ ಇದಕ್ಕಿಂತ ಬೇರೆ. ಬೋನಸ್ ಷೇರಿನ ಖರೀದಿ ಬೆಲೆ ಸೊನ್ನೆ, ಅದರ ಅವಧಿ ಬಂದ ದಿನದಿಂದ ಎಣಿಕೆಯಾಗುತ್ತದೆ. ಡೀಮರ್ಜರ್ ಷೇರಿಗಾದರೋ ಹಳೆಯ ಷೇರಿನ ಖರೀದಿ ಬೆಲೆಯ ಒಂದು ಭಾಗ ಹಂಚಿಕೆಯಾಗುತ್ತದೆ, ಅವಧಿಯೂ ಹಳೆಯ ಷೇರು ಕೊಂಡ ದಿನದಿಂದಲೇ ಶುರುವಾಗುತ್ತದೆ. ಈ ಹಂಚಿಕೆ ಪೇಟೆಯ ಬೆಲೆಯನ್ನು ಅವಲಂಬಿಸದೆ, ವರ್ಗವಾದ ನಿವ್ವಳ ಆಸ್ತಿಯ ಪುಸ್ತಕ ಮೌಲ್ಯಕ್ಕೂ ಕಂಪನಿಯ ಒಟ್ಟು ನಿವ್ವಳ ಮೌಲ್ಯಕ್ಕೂ ಇರುವ ಅನುಪಾತವನ್ನು ಅನುಸರಿಸುತ್ತದೆ. ಐಟಿಸಿ ಪ್ರಕಟಿಸಿದ ಅನುಪಾತ ಹಳೆಯ ಷೇರಿಗೆ ಶೇ 86.49, ಹೋಟೆಲ್ ಷೇರಿಗೆ ಶೇ 13.51. ₹300ರಂತೆ 100 ಐಟಿಸಿ ಷೇರು ಕೊಂಡವರ ₹30,000ದಲ್ಲಿ ₹4,053 ಹತ್ತು ಹೋಟೆಲ್ ಷೇರುಗಳಿಗೆ ಹೋಗುತ್ತದೆ, ಅಂದರೆ ತಲಾ ₹405.30. ಅವನ್ನು ₹180ಕ್ಕೆ ಮಾರಿದರೆ ಕಾನೂನಿನ ಕಣ್ಣಿನಲ್ಲಿ ಪ್ರತಿ ಷೇರಿಗೆ ₹225.30 ನಷ್ಟ. ಆ ನಷ್ಟ ದೀರ್ಘಾವಧಿಯದಾಗಿದ್ದರೆ ಅದನ್ನು ಬೇರೆ ದೀರ್ಘಾವಧಿ ಲಾಭದಿಂದ ಕಳೆಯಬಹುದು, ಉಳಿದದ್ದನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಪುಕ್ಕಟೆ ಬಂದ ಷೇರೆಂದು ಖರೀದಿ ಬೆಲೆಯನ್ನು ಸೊನ್ನೆಯೆಂದು ಬರೆದವರು ಈ ಅನುಕೂಲವನ್ನು ಕಳೆದುಕೊಳ್ಳುವುದಲ್ಲದೆ ಇಲ್ಲದ ಲಾಭಕ್ಕೆ ತೆರಿಗೆಯನ್ನೂ ತೆರುವ ಸಂಭವವಿದೆ. ಇತ್ತ ಹಳೆಯ ಐಟಿಸಿ ಷೇರಿನ ಖರೀದಿ ಬೆಲೆ ತಲಾ ₹259.47ಕ್ಕೆ ಇಳಿದಿರುವುದರಿಂದ, ಅದನ್ನು ಮಾರುವಾಗ ₹300 ಎಂದೇ ತೋರಿಸುವುದೂ ತಪ್ಪಾಗುತ್ತದೆ.

25 ಐಟಿಸಿ ಷೇರು ಇದ್ದವರಿಗೆ ಎರಡು ಪೂರ್ಣ ಷೇರುಗಳೂ ಒಂದು ಅರ್ಧ ಷೇರೂ ಲೆಕ್ಕಕ್ಕೆ ಬರುತ್ತವೆ. ಇಂಥ ತುಣುಕುಗಳನ್ನೆಲ್ಲ ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಷೇರುದಾರರ ಬ್ಯಾಂಕ್ ಖಾತೆಗೆ ಹಾಕುವುದು ರೂಢಿ. ಖಾತೆಯ ವಿವರ ಹಳೆಯದಾಗಿದ್ದರೆ ಆ ಹಣ ತಲುಪುವುದಿಲ್ಲ. ಬ್ರೋಕರ್‌ಗಳ ಆ್ಯಪ್‌ಗಳು ಖರೀದಿ ಬೆಲೆಯ ಹಂಚಿಕೆಯನ್ನು ತಾವಾಗಿಯೇ ಸರಿಯಾಗಿ ತೋರಿಸುತ್ತವೆಂದು ನಂಬಿ ಕೂರಬಾರದು. ಷೇರುದಾರರು ಮೂಲ ಖರೀದಿಗೆ ಬ್ರೋಕರ್ ಕೊಟ್ಟ ಕಾಂಟ್ರ್ಯಾಕ್ಟ್ ನೋಟನ್ನೂ, ಖರೀದಿ ಬೆಲೆಯ ಹಂಚಿಕೆ ಕುರಿತು ಕಂಪನಿ ಕಳುಹಿಸುವ ಪತ್ರವನ್ನೂ, ಎರಡೂ ಷೇರುಗಳು ಮಾರಾಟವಾಗಿ ತೆರಿಗೆ ರಿಟರ್ನ್ ಸಲ್ಲಿಕೆಯಾಗುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.