ಚೆಂಡೆ ಕೈಗೆ ಬರುವ ಮೊದಲು

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ರಜಾದಿನದ ಬೆಳಗ್ಗೆ ದೇವಸ್ಥಾನದ ಸಭಾಭವನದಿಂದಲೋ ಶಾಲೆಯ ಜಗಲಿಯಿಂದಲೋ ಚೆಂಡೆಯ ಸದ್ದು ಕೇಳಿದರೆ ಆಟ ಇದೆ ಎಂದೇ ಅರ್ಥವಲ್ಲ. ಮಕ್ಕಳ ಹಿಮ್ಮೇಳ ತರಗತಿಯಿರಬಹುದು. ಪಾರ್ತಿಸುಬ್ಬನ ಸೀಮೆ ಇದು, ಯಕ್ಷಗಾನ ಕಲಿಸುವುದು ಹೊಸದೇನಲ್ಲ. ಆದರೆ ಕುಣಿತಕ್ಕೆ ಬರುವಷ್ಟು ಮಕ್ಕಳು ಚೆಂಡೆ, ಮದ್ದಳೆಗೆ ಬರುವುದಿಲ್ಲ. ಕನ್ನಡ ಶಾಲೆಯ ಕಡೆಯಿಂದ ನೋಡಿದರೆ ಹೆಚ್ಚು ಗಮನಿಸಬೇಕಾದವರು ಈ ಕೆಲವರೇ.

ಮೊದಲ ದಿನವೇ ವಾದ್ಯ ಸಿಗುವುದೆಂದು ಬಂದ ಹುಡುಗನಿಗೆ ನಿರಾಸೆ ಖಂಡಿತ. ಪಾಠ ಶುರುವಾಗುವುದು ಬಾಯಿಯಲ್ಲಿ. ಕೈಯಲ್ಲಿ ತಾಳ ಹಾಕುತ್ತಾ ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು. ಎರಡನ್ನೂ ಸೇರಿಸಿದರೆ ಏಳು, ಅದು ತ್ರಿವುಡೆಯ ಎಣಿಕೆ. ಮಕ್ಕಳು ಇದನ್ನು ಲೆಕ್ಕವೆಂದು ತಿಳಿಯದೆಯೇ ಕಲಿಯುತ್ತಾರೆ.

ಈಗ ಪ್ರೌಢಶಾಲೆಯ ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಭಾಮಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ಮೂರು, ನಾಲ್ಕು, ಮತ್ತೆ ಮೂರು, ನಾಲ್ಕು ಮಾತ್ರೆಗಳ ಗಣಗಳು, ಒಟ್ಟು 14. ಲಘು–ಗುರು ಗುರುತು ಹಾಕಿ, ಬೆರಳು ಮಡಚಿ ಎಣಿಸಿ, ಗಣ ತಪ್ಪಿ ಅತ್ತ ಮಕ್ಕಳನ್ನು ಎಲ್ಲ ಅಧ್ಯಾಪಕರೂ ನೋಡಿದ್ದಾರೆ. ‘ತಕಿಟ ತಕಧಿಮಿ’ ಬಾಯಲ್ಲಿರುವ ಹುಡುಗಿಗೆ ಕುಮಾರವ್ಯಾಸನ ಸಾಲು ಎಲ್ಲಿ ಒಡೆಯುತ್ತದೆಂದು ಕಿವಿಯೇ ಹೇಳುತ್ತದೆ. (ಆಟದಲ್ಲಿ ಭಾಗವತರು ಭಾಮಿನಿಯನ್ನು ಹೆಚ್ಚಾಗಿ ತಾಳವಿಲ್ಲದೆ ಹಾಡುತ್ತಾರೆ, ಅದು ಬೇರೆ ಮಾತು.)

ಇಲ್ಲಿನ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಕರಾಡ, ಮರಾಠಿ, ಮಲಯಾಳ. ಬಹಳ ಮಂದಿಗೆ ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಎರಡೇ ಕಡೆ: ತರಗತಿಯಲ್ಲಿ, ಯಕ್ಷಗಾನದಲ್ಲಿ. ಪಕ್ಕದ ಊರಿನ ಮಕ್ಕಳು ಚೆಂಡೆಮೇಳ ಕಲಿಯುತ್ತಾರೆ. ಅವರ ಪಂಚಾರಿಗೂ ನಮ್ಮ ರೂಪಕಕ್ಕೂ ಎಣಿಕೆ ಆರೇ. ಅದೂ ದೊಡ್ಡ ವಿದ್ಯೆ. ಆದರೆ ಮೇಳದಲ್ಲಿ ವಾದ್ಯವೇ ಎಲ್ಲ, ಮಾತು ಬೇಕಿಲ್ಲ. ಹಿಮ್ಮೇಳದಲ್ಲಿ ವಾದ್ಯ ಪದ್ಯದ ಹಿಂದೆ ನಡೆಯಬೇಕು. ಪದ್ಯದ ಶಬ್ದ ತಿಳಿಯದ ಹುಡುಗ ಮುಕ್ತಾಯವನ್ನು ಊಹಿಸಲಾರ. ಕರುಣರಸದ ಪದ್ಯಕ್ಕೆ ಮದ್ದಳೆ ಸಾಕು, ಚೆಂಡೆಯವನು ಕೋಲು ಹಿಡಿದು ಸುಮ್ಮನಿರಬೇಕು. ಹನ್ನೆರಡು ವರ್ಷದವನಿಗೆ ಬಾರಿಸುವುದಕ್ಕಿಂತ ಅದೇ ಕಷ್ಟ. ಎರಡು ಕೈಗೆ ಎರಡು ಕೆಲಸ, ಕಿವಿ ಭಾಗವತರ ಕಡೆ, ಕಣ್ಣು ವೇಷದ ಕಡೆ: ಇಷ್ಟು ಹೊತ್ತು ಒಂದೇ ವಿಷಯದಲ್ಲಿ ಮನಸ್ಸಿಡುವ ಮಗು ಮೊಬೈಲಿನ ಕಾಲದಲ್ಲಿ ಅಪರೂಪ.

ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೆ ಸ್ಥಾನವಿರುವುದು ನಮಗೆ ದೊಡ್ಡ ಬಲ. ಜೊತೆಗೊಂದು ತೊಂದರೆಯೂ ಇದೆ. ಗ್ರೇಸ್ ಅಂಕದ ಆಸೆಗೆ ಎರಡು ತಿಂಗಳು ಕುಣಿತ ಕಲಿತು, ಸ್ಪರ್ಧೆ ಮುಗಿದ ಮೇಲೆ ಗೆಜ್ಜೆ ಬಿಚ್ಚಿಡುವವರೇ ಹೆಚ್ಚು. ಮದ್ದಳೆಯಲ್ಲಿ ಬೆರಳಿನ ನುಡಿಕಾರ ಎರಡು ತಿಂಗಳಿಗೆ ಕೂಡಿಬರುವುದಿಲ್ಲ, ವರ್ಷಗಳೇ ಬೇಕು. ಹತ್ತನೇ ತರಗತಿ ಬಂತೆಂದು ಹೆತ್ತವರು ಬಿಡಿಸುವುದೂ ಆಗಲೇ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ನೇಮಿಸಿದ್ದರ ವಿರುದ್ಧ ಇಲ್ಲಿ ಹೋರಾಟಗಳಾಗಿವೆ, ಆಗಲೇಬೇಕು. ಆದರೆ ಆದೇಶ ಬರುವವರೆಗೆ ಕಾಯಬೇಕಿಲ್ಲದ ಕೆಲಸವೂ ಒಂದಿದೆ. ವಾರಕ್ಕೊಂದು ಗಂಟೆ ಊರಿನ ಮದ್ದಳೆಗಾರರೊಬ್ಬರನ್ನು ಶಾಲೆಗೆ ಕರೆಯಬಹುದು. ಛಂದಸ್ಸಿನ ಪಾಠದ ವಾರ ಕರೆದರೆ ಇನ್ನೂ ಒಳ್ಳೆಯದು. ಹೆಣ್ಣುಮಕ್ಕಳನ್ನೂ ಕೂರಿಸಿ. ಮುಚ್ಚಿದ ಕೋಣೆಯಲ್ಲಿ ನಾಲ್ಕು ಚೆಂಡೆ ಒಟ್ಟಿಗೆ ಬೇಡ, ಎಳೆ ಕಿವಿಗೆ ಅದು ಹಾನಿ, ಜಗಲಿಯೇ ಸರಿ.

ಜೂನ್‌ನಲ್ಲಿ ಶಾಲೆ ತೆರೆಯುವಾಗ ಮಳೆಯೂ ಹಿಡಿಯುತ್ತದೆ, ಥಂಡಿಗೆ ಚರ್ಮ ಸಡಿಲವಾಗಿ ವಾದ್ಯ ಸರಿಯಾಗಿ ನುಡಿಯುವುದಿಲ್ಲ. ಚಿಂತೆಯಿಲ್ಲ. ಮೊದಲ ಕೆಲವು ವಾರ ಬಾಯಿ, ಅಂಗೈ, ಒಂದು ಮರದ ಹಲಗೆ ಇದ್ದರೆ ಸಾಕು.